ಕಾಯಿಸುವ ಪ್ರೊಸೆಸರ್, ಕಾಯಲಾರದ ಡ್ಯಾಕ್: ಪರಿವರ್ತಕದ ಮಗ್ಗುಲಿಗೆ ಮೆಮೊರಿ ಬಂದ ಬಗೆ

1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಕೋವಾಕ್ಸ್ ಕಂಪನಿ ‘ಸ್ಪೀಚ್ ಥಿಂಗ್’ ಎಂಬ ಪುಟ್ಟ ಸಾಧನವನ್ನು ಮಾರುತ್ತಿತ್ತು. ಪಿಸಿಯ ಹಿಂಬದಿಯ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಪ್ಲಗ್ ಅದು. ಒಳಗೆ ಇದ್ದದ್ದು ಹೆಚ್ಚುಕಡಿಮೆ ರೆಸಿಸ್ಟರುಗಳ ಒಂದು ಜಾಲ ಮಾತ್ರ. ಎಂಟು ತಂತಿಗಳಲ್ಲಿ ಬಂದ ಎಂಟು ಬಿಟ್‌ಗಳು ಅಲ್ಲಿ ಕೂಡಿ ಒಂದೇ ವೋಲ್ಟೇಜ್ ಆಗುತ್ತಿದ್ದವು. ಡಿಜಿಟಲ್ ಸಂಖ್ಯೆಯನ್ನು ಅನಲಾಗ್ ಸಂಕೇತವಾಗಿಸುವ ಪರಿವರ್ತಕ, ಅಂದರೆ ಡ್ಯಾಕ್, ಇದಕ್ಕಿಂತ ಸರಳವಾಗಿರುವುದು ಕಷ್ಟ.

ಆದರೆ ಅದಕ್ಕೆ ತನ್ನದೆಂಬ ಮೆಮೊರಿ ಇರಲಿಲ್ಲ. ಸೆಕೆಂಡಿಗೆ 8,000 ಮಾದರಿಗಳ, ಅಂದರೆ ಕ್ಷಣಕ್ಷಣದ ಅಳತೆಗಳ, ಧ್ವನಿ ಬೇಕೆಂದರೆ ಪ್ರೊಸೆಸರ್ ಪ್ರತಿ 125 ಮೈಕ್ರೊಸೆಕೆಂಡಿಗೊಮ್ಮೆ ಕೈಲಿದ್ದ ಕೆಲಸ ಬಿಟ್ಟು ಬಂದು ಒಂದು ಸಂಖ್ಯೆ ಕೊಟ್ಟು ಹೋಗಬೇಕು. ಡಿಸ್ಕ್ ಓದುವುದರಲ್ಲಿ ಸಿಕ್ಕಿಕೊಂಡು ತಡಮಾಡಿತೋ, ಧ್ವನಿ ಕರಕರ ಎನ್ನುತ್ತಿತ್ತು. 1990ರಲ್ಲಿ ಬಂದ ‘ಡಿಸ್ನಿ ಸೌಂಡ್ ಸೋರ್ಸ್’ ಅದೇ ಪೋರ್ಟಿಗೆ ಕೂರುವ, ಅದೇ 8 ಬಿಟ್‌ನ ಸಾಧನ. ಅದರಲ್ಲಿ ಹೆಚ್ಚಿಗೆ ಇದ್ದದ್ದು 16 ಬೈಟ್‌ನ ಸರದಿ ಮೆಮೊರಿ. ಮೊದಲು ಬಂದ ಸಂಖ್ಯೆ ಮೊದಲು ಹೊರಡುವ ವ್ಯವಸ್ಥೆ. ಸೆಕೆಂಡಿಗೆ ಸುಮಾರು 7,000ದ ಲೆಕ್ಕದಲ್ಲಿ 16 ಬೈಟ್ ಬಾಳುವುದು ಎರಡು ಚಿಲ್ಲರೆ ಮಿಲಿಸೆಕೆಂಡ್. ನಮಗೆ ಅದು ಲೆಕ್ಕಕ್ಕೇ ಸಿಗದ ಹೊತ್ತು, ಪ್ರೊಸೆಸರ್ ಪಾಲಿಗೆ ಧಾರಾಳ ಬಿಡುವು.

ಮೆಮೊರಿ ಸೇರಿದ್ದರಿಂದ ಡ್ಯಾಕ್ ವೇಗವಾಯಿತು ಎನ್ನುವ ಮಾತನ್ನು ಹಾಗಾಗಿ ಇದ್ದಂತೆಯೇ ಒಪ್ಪಲಾಗದು. ಬಹುಪಾಲು ಸಂದರ್ಭಗಳಲ್ಲಿ ನಿಧಾನವಾಗಿದ್ದದ್ದು ಪರಿವರ್ತನೆಯಲ್ಲ, ಪೂರೈಕೆ. ಕಾರ್ಪೊರೇಷನ್ ನೀರು ಯಾವಾಗ ಬಂದರೂ ಮನೆ ಮೇಲಿನ ಟ್ಯಾಂಕ್ ತುಂಬಿದ್ದರೆ ನಲ್ಲಿ ಒಂದೇ ಸಮ ಸುರಿಯುತ್ತದಲ್ಲ, ಇಲ್ಲಿ ಮೆಮೊರಿಯ ಕೆಲಸವೂ ಅಷ್ಟೇ.

ಈ ತೊಡಕು ಪಿಸಿಗಿಂತ ಹಳೆಯದು. 1957ರಲ್ಲಿ ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್ ಮ್ಯಾಥ್ಯೂಸ್ ಐಬಿಎಂ 704 ಕಂಪ್ಯೂಟರಿನಲ್ಲಿ ಸಂಗೀತವನ್ನು ಲೆಕ್ಕ ಹಾಕಿಸಿದಾಗ, ಯಂತ್ರ ಲೆಕ್ಕ ಮಾಡುವ ವೇಗ ಸಂಗೀತ ಕೇಳುವ ವೇಗಕ್ಕಿಂತ ಎಷ್ಟೋ ಹಿಂದಿತ್ತು. ಲೆಕ್ಕವೆಲ್ಲ ಮುಗಿದ ಮೇಲೆ ಸಂಖ್ಯೆಗಳಿದ್ದ ಟೇಪನ್ನು ನ್ಯೂಯಾರ್ಕಿನಿಂದ ನ್ಯೂಜೆರ್ಸಿಯ ಮರ್ರೆ ಹಿಲ್‌ಗೆ ಒಯ್ದು, ಅಲ್ಲಿನ ಪರಿವರ್ತಕದ ಮೂಲಕ ನುಡಿಸಬೇಕಿತ್ತು. ನ್ಯೂಮನ್ ಗಟ್ಮನ್ ರಚಿಸಿದ 17 ಸೆಕೆಂಡುಗಳ ‘ದಿ ಸಿಲ್ವರ್ ಸ್ಕೇಲ್’ ಹೊರಬಿದ್ದದ್ದು ಹೀಗೆ. ಮೊದಲು ತುಂಬಿಸು, ಆಮೇಲೆ ಸಮವೇಗದಲ್ಲಿ ಹರಿಸು ಎಂಬ ಉಪಾಯ ಅಲ್ಲಾಗಲೇ ಇತ್ತು. ಮೆಮೊರಿ ಮಾತ್ರ ಇನ್ನೂ ಡ್ಯಾಕ್‌ನಿಂದ ಮೈಲಿಗಟ್ಟಲೆ ದೂರವಿತ್ತು.

ದೂರ ಕಡಿಮೆಯಾದದ್ದು ಅರೆವಾಹಕ ಮೆಮೊರಿ ಅಗ್ಗವಾದಾಗ. 1971ರಲ್ಲಿ ಟಿಯರ್ನಿ, ರೇಡರ್ ಮತ್ತು ಗೋಲ್ಡ್ ಒಂದು ಪ್ರಬಂಧದಲ್ಲಿ ಡಿಜಿಟಲ್ ಆವೃತ್ತಿ ಸಂಯೋಜಕವನ್ನು ವಿವರಿಸಿದರು. ಸೈನ್ ಅಲೆಯ ಬೆಲೆಗಳನ್ನು ಪ್ರತಿ ಸಲ ಲೆಕ್ಕ ಮಾಡುವ ಗೋಜಿಗೆ ಹೋಗದೆ ಕೋಷ್ಟಕವಾಗಿ ಮೆಮೊರಿಯಲ್ಲಿಟ್ಟು, ಒಂದು ಎಣಿಕೆಗಾರ ತೋರಿಸಿದ ಮನೆಯ ಸಂಖ್ಯೆಯನ್ನು ಡ್ಯಾಕ್‌ಗೆ ಕಳಿಸುವುದು ಈ ವಿಧಾನದ ತಿರುಳು. ದೊಡ್ಡ ಹೆಜ್ಜೆ ಹಾಕಿದರೆ ಆವೃತ್ತಿ ಏರುತ್ತದೆ, ಸಣ್ಣ ಹೆಜ್ಜೆಗೆ ಇಳಿಯುತ್ತದೆ. ಇಲ್ಲಿ ಮೆಮೊರಿ ಬರೀ ದಾಸ್ತಾನಲ್ಲ, ಲೆಕ್ಕದ ಬದಲಿಗೆ ನಿಂತ ಮಗ್ಗಿ ಪುಸ್ತಕ. ಸೈನ್ ಅಲೆಯ ಕಾಲು ಭಾಗ ಗೊತ್ತಿದ್ದರೆ ಉಳಿದ ಮುಕ್ಕಾಲನ್ನು ತಿರುಗಿಸಿ ಪಡೆಯಬಹುದಾದ್ದರಿಂದ ಕೋಷ್ಟಕವನ್ನು ಕಿರಿದಾಗಿಸುವುದೂ ವಾಡಿಕೆಯಾಯಿತು.

ಇದೇ ಕೋಷ್ಟಕದ ವಿಚಾರ ಪರದೆಯ ಬಣ್ಣಕ್ಕೆ ಬಂದದ್ದು ಈ ಚರಿತ್ರೆಯ ಅತಿ ಸೊಗಸಾದ ಘಟ್ಟ. 1987ರಲ್ಲಿ ಐಬಿಎಂ ಪಿಎಸ್/2 ಕಂಪ್ಯೂಟರುಗಳ ಜೊತೆ ವಿಜಿಎ ಎಂಬ ಚಿತ್ರ ವ್ಯವಸ್ಥೆ ಬಂತು. ಅದರ ಬಣ್ಣಗಳನ್ನು ನೋಡಿಕೊಳ್ಳುತ್ತಿದ್ದದ್ದು ರ‍್ಯಾಮ್‌ಡ್ಯಾಕ್ ಬಗೆಯ ಚಿಪ್; ಒಂದೇ ಚಿಪ್ಪಿನಲ್ಲಿ ಮೆಮೊರಿಯೂ ಮೂರು ಡ್ಯಾಕ್‌ಗಳೂ. ಮೆಮೊರಿಯಲ್ಲಿ 256 ಮನೆ, ಮನೆಗೆ 18 ಬಿಟ್: ಕೆಂಪಿಗೆ ಆರು, ಹಸಿರಿಗೆ ಆರು, ನೀಲಿಗೆ ಆರು. ಒಟ್ಟು 2,62,144 ಬಣ್ಣಗಳಿಂದ ಒಂದು ಸಲಕ್ಕೆ 256ನ್ನು ಆರಿಸಿಕೊಳ್ಳಬಹುದು. 640×480ರ ಪರದೆಗೆ ಚುಕ್ಕಿಗಳ ಗಡಿಯಾರ 25.175 ಮೆಗಾಹರ್ಟ್ಸ್, ಒಂದೊಂದು ಚುಕ್ಕಿಗೆ ಸಿಗುವುದು ಸುಮಾರು 40 ನ್ಯಾನೊಸೆಕೆಂಡ್. ಆ ಕಾಲದ ಯಾವ ಪಿಸಿ ಪ್ರೊಸೆಸರೂ ಈ ಗತಿಯಲ್ಲಿ ಒಂದೊಂದೇ ಚುಕ್ಕಿಗೆ ಮೂರು ಬಣ್ಣದ ಬೆಲೆ ಒದಗಿಸುವಂತಿರಲಿಲ್ಲ. ವಿಡಿಯೊ ಮೆಮೊರಿಯಿಂದ ಮನೆಯ ಸಂಖ್ಯೆ ಬಂದರೆ ಸಾಕು, ಉಳಿದದ್ದನ್ನು ಚಿಪ್ ತನ್ನಲ್ಲೇ ಹುಡುಕಿಕೊಳ್ಳುತ್ತಿತ್ತು.

ಆಟ ಬರೆಯುವವರು ಇದರ ಲಾಭವನ್ನು ಬೇಗ ಕಂಡುಕೊಂಡರು. 320×200ರ ಪರದೆಯ 64,000 ಬೈಟ್‌ಗಳನ್ನು ಮುಟ್ಟದೆ, ಬಣ್ಣದ ಕೋಷ್ಟಕದ 768 ಬೈಟ್‌ಗಳನ್ನಷ್ಟೇ ತಿದ್ದಿದರೆ ಇಡೀ ದೃಶ್ಯ ನಿಧಾನವಾಗಿ ಕಪ್ಪಾಗುತ್ತದೆ. ಕೆಲವೇ ಮನೆಗಳನ್ನು ಸುತ್ತಿಸಿದರೆ ನೀರು ಹರಿದಂತೆ ಕಾಣುತ್ತದೆ.

ಧ್ವನಿಯ ಕಡೆ ದಾರಿ ಇಷ್ಟು ನೇರವಾಗಿರಲಿಲ್ಲ. ಸಿಂಗಪುರದ ಕ್ರಿಯೇಟಿವ್ ಕಂಪನಿಯ 1989ರ ಸೌಂಡ್ ಬ್ಲಾಸ್ಟರ್ ಡಿಎಂಎ ಎಂಬ ನೇರ ಮೆಮೊರಿ ಸಂಪರ್ಕದ ಮೂಲಕ, ಪ್ರೊಸೆಸರನ್ನು ಮಾದರಿ ಮಾದರಿಗೂ ಎಬ್ಬಿಸದೆ, ಪಿಸಿಯ ಮೆಮೊರಿಯಿಂದಲೇ ಸಂಖ್ಯೆಗಳನ್ನು ಎಳೆದುಕೊಳ್ಳುತ್ತಿತ್ತು. ಒಂದು ಕಂತು ಮುಗಿದು ಇನ್ನೊಂದನ್ನು ಹೂಡುವ ನಡುವೆ ಸಣ್ಣದೊಂದು ‘ಟಪ್’ ಕೇಳಿಸುವುದಿತ್ತು. ಕಂತುಗಳು ತಾವಾಗಿಯೇ ಮರುಕಳಿಸುವ ಏರ್ಪಾಡು ಮುಂದಿನ ಆವೃತ್ತಿಗಳಲ್ಲಿ ಬಂದಮೇಲೆ ಅದು ತಪ್ಪಿತು: ಮೆಮೊರಿಯ ಅರ್ಧ ನುಡಿಯುತ್ತಿರುವಾಗ ಇನ್ನರ್ಧ ತುಂಬಿಸುವುದು. 1992ರ ಗ್ರೇವಿಸ್ ಅಲ್ಟ್ರಾಸೌಂಡ್ ಮೆಮೊರಿಯನ್ನು ಕಾರ್ಡಿನ ಮೇಲೆಯೇ ತಂದಿಟ್ಟಿತು, 256 ಕಿಲೊಬೈಟ್. ವಾದ್ಯಗಳ ನಾದವನ್ನು ಒಮ್ಮೆ ಅಲ್ಲಿ ಇಳಿಸಿಬಿಟ್ಟರೆ ಆಮೇಲೆ ಪ್ರೊಸೆಸರ್ ಹೇಳಬೇಕಾದದ್ದು ಯಾವ ಸ್ವರ, ಎಷ್ಟು ಜೋರು ಎಂಬಷ್ಟೇ.

ಪ್ರಯೋಗಾಲಯದ ಉಪಕರಣಗಳಲ್ಲಿ ತೊಡಕು ಉಲ್ಟಾ ಆಗಿದೆ: ಇಲ್ಲಿ ಹಿಂದೆ ಬೀಳುವುದು ಮೆಮೊರಿಯೇ. ಬೇಕಾದ ಆಕಾರದ ಅಲೆ ಹುಟ್ಟಿಸುವ ಯಂತ್ರಗಳ ಪೈಕಿ ಟೆಕ್ಟ್ರಾನಿಕ್ಸ್‌ನ ಎಡಬ್ಲ್ಯುಜಿ70001ಎ ಸೆಕೆಂಡಿಗೆ 5,000 ಕೋಟಿ ಮಾದರಿಗಳನ್ನು 10 ಬಿಟ್‌ನಲ್ಲಿ ಹೊರಡಿಸಬಲ್ಲದು. ಇಷ್ಟು ಓಟಕ್ಕೆ ಒಂಟಿ ಮೆಮೊರಿ ಚಿಪ್ ಯಾವ ಮೂಲೆಗೂ ಸಾಲದು. ಅದಕ್ಕೇ ಇಂಥ ವೇಗದಲ್ಲಿ ಹಲವು ಮೆಮೊರಿಗಳಿಂದ ಒಟ್ಟಿಗೆ ಓದಿ, ಬಂದದ್ದನ್ನು ಡ್ಯಾಕ್‌ನ ಬಾಗಿಲಲ್ಲಿ ಒಂದೇ ಸಾಲಾಗಿ ಹೆಣೆಯಬೇಕಾಗುತ್ತದೆ. ಆ ಓಟದಲ್ಲಿ 200 ಕೋಟಿ ಮಾದರಿಗಳ ದಾಸ್ತಾನು 0.04 ಸೆಕೆಂಡಿನಲ್ಲಿ ಬರಿದು. ಕಂಪ್ಯೂಟರಿನಿಂದ ಅದನ್ನು ಮತ್ತೆ ತುಂಬಿಸಲು ಹಿಡಿಯುವ ಸಮಯ ಇದರ ಎಷ್ಟೋ ಪಟ್ಟು. ಆದ್ದರಿಂದ ಇಂಥ ಯಂತ್ರಗಳ ಮೆಮೊರಿಯಲ್ಲಿ ಅಲೆಯ ತುಣುಕುಗಳ ಜೊತೆಗೆ ಅವುಗಳನ್ನು ನುಡಿಸುವ ಕ್ರಮವೂ ಇರುತ್ತದೆ: ಈ ತುಣುಕು ಸಾವಿರ ಸಲ, ಆಮೇಲೆ ಆ ತುಣುಕು, ಹೊರಗಿನಿಂದ ಸೂಚನೆ ಬಂದರೆ ಮೂರನೆಯದಕ್ಕೆ ನೆಗೆತ.