ಮೊದಲು ಯಾವ ಸ್ವಿಚ್?

ಟೇಪ್ ರೆಕಾರ್ಡರ್, ಆಂಪ್ಲಿಫೈಯರ್, ಎರಡು ಸ್ಪೀಕರ್ ಬಾಕ್ಸ್ ಇದ್ದ ಮನೆಗಳಲ್ಲಿ ಒಂದು ಕ್ರಮ ನಡೆದುಬಂದಿತ್ತು. ಹಾಡು ಹಾಕುವಾಗ ಮೊದಲು ಟೇಪಿನ ಸ್ವಿಚ್, ಕೊನೆಗೆ ಆಂಪ್ಲಿಫೈಯರ್. ನಿಲ್ಲಿಸುವಾಗ ಮೊದಲು ಆಂಪ್ಲಿಫೈಯರ್, ಆಮೇಲೆ ಟೇಪು. ಅಪ್ಪ ಮಗನಿಗೆ ಹೇಳುತ್ತಿದ್ದರು, ಅಂಗಡಿಯವನು ಗಿರಾಕಿಗೆ ಹೇಳುತ್ತಿದ್ದ. ಯಾಕೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಕಡಿಮೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ರಿಪೇರಿ ಮೇಜಿನ ಮುಂದೆ ಕೂತೇ ನನ್ನ ಆಯಸ್ಸಿನ ಬಹುಭಾಗ ಕಳೆದಿದೆ. ಅಲ್ಲಿ ತಿಳಿದದ್ದು ಇಷ್ಟು: ಇಂಥ ನಿಯಮಗಳಲ್ಲಿ ಒಂದೂ ಸುಮ್ಮನೆ ಹುಟ್ಟಿದ್ದಲ್ಲ. ಒಂದೊಂದು ಕಾಲದ ಬಿಡಿಭಾಗ ಒಂದೊಂದು ನಿಯಮ ಹುಟ್ಟಿಸಿತು. ಬಿಡಿಭಾಗ ಹೋದರೂ ಕೆಲವು ನಿಯಮ ಉಳಿದವು. ಇನ್ನು ಕೆಲವನ್ನು ಇವತ್ತಿಗೂ ಪಾಲಿಸಲೇಬೇಕು.

ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿ ಅದನ್ನು ಆಕಾಶವಾಣಿ ಎಂದು ಕರೆದಾಗ, ಅದನ್ನು ಕೇಳಿದ್ದು ವಾಲ್ವ್ ರೇಡಿಯೋದಲ್ಲಿ. ವಾಲ್ವ್ ಅಂದರೆ ಗಾಳಿ ತೆಗೆದ ಗಾಜಿನ ಕೊಳವೆ. ಒಳಗಿನ ಫಿಲಮೆಂಟ್ ಕೆಂಪಗೆ ಕಾಯಬೇಕು, ಅದರ ಸುತ್ತಲಿನ ಕ್ಯಾಥೋಡ್ ಬಿಸಿಯಾಗಬೇಕು, ಆಮೇಲೇ ಎಲೆಕ್ಟ್ರಾನು ಹೊರಡುವುದು. ಅದಕ್ಕೆ ಸುಮಾರು ಅರ್ಧ ನಿಮಿಷ ಬೇಕು. ಹಾಗಾಗಿ ವಾರ್ತೆಗೆ ಮುಂಚೆಯೇ ರೇಡಿಯೋ ಹಾಕಿ ಇಡುವುದು ಹಿರಿಯರ ಅಭ್ಯಾಸ. ಬುಧವಾರ ರಾತ್ರಿ ಸಿಲೋನ್ ರೇಡಿಯೋದ ಬಿನಾಕಾ ಗೀತಮಾಲಾ ಹಿಡಿಯುವವರೂ ಹಾಗೇ. ಮ್ಯಾಜಿಕ್ ಐ ಇದ್ದ ಸೆಟ್ಟಿನಲ್ಲಿ ಆ ಹಸಿರು ಕಣ್ಣು ಮೆಲ್ಲಗೆ ಬೆಳಗಿದರೆ ರೇಡಿಯೋ ಸಿದ್ಧ ಎಂದು ಲೆಕ್ಕ.

ಆ ಕಾಲದ ತಯಾರಕರನ್ನು ನಾನು ಬಹಳ ಮೆಚ್ಚುವುದು ಒಂದು ಸಣ್ಣ ಏರ್ಪಾಟಿಗೆ. ಬಹಳಷ್ಟು ಸೆಟ್ಟುಗಳಲ್ಲಿ ಆನ್-ಆಫ್ ಸ್ವಿಚ್ಚನ್ನು ವಾಲ್ಯೂಮ್ ಗುಂಡಿಯ ಒಳಗೇ ಕೂರಿಸಿದ್ದರು. ಆಫ್ ಮಾಡಬೇಕಾದರೆ ದನಿಯನ್ನು ಪೂರ್ತಿ ಇಳಿಸಲೇಬೇಕು. ಮತ್ತೆ ಆನ್ ಮಾಡಿದಾಗ ದನಿ ಸೊನ್ನೆಯಿಂದಲೇ ಏರಬೇಕು. ಯಾರೂ ಹೇಳಿಕೊಡದೆ ಕೈಗೆ ಕ್ರಮ ಬರುತ್ತಿತ್ತು. ಆಮೇಲೆ ಸ್ವಿಚ್ಚು ಬೇರೆ, ವಾಲ್ಯೂಮ್ ಬೇರೆ ಆಯಿತು. ಅಲ್ಲಿಂದ ಮುಂದೆ ಅದನ್ನು ಬಾಯಲ್ಲಿ ಹೇಳಿಕೊಡಬೇಕಾಯಿತು.

ಆದರೆ ಅದೇ ಕಾಲದ ಎಸಿ-ಡಿಸಿ ಸೆಟ್ಟುಗಳು ಅಪಾಯದವು. ಅವುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರಲಿಲ್ಲ. ವಾಲ್ವುಗಳ ಫಿಲಮೆಂಟನ್ನೆಲ್ಲ ಸಾಲಾಗಿ ಜೋಡಿಸಿ ನೇರವಾಗಿ ಕರೆಂಟಿಗೆ ಕೊಡುತ್ತಿದ್ದರು. ತಗಡಿನ ಚಾಸಿ ಮೇನ್ಸಿನ ಒಂದು ತಂತಿಗೆ ಸೇರಿರುತ್ತಿತ್ತು. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಚುಚ್ಚಿದರೆ ಇಡೀ ಚಾಸಿಯೇ ಫೇಸ್! ಗುಂಡಿಗಳ ಸ್ಕ್ರೂ ಮೇಲೆ ಮೇಣ ತುಂಬುತ್ತಿದ್ದದ್ದು ಇದಕ್ಕೇ: ಬೆರಳು ಲೋಹಕ್ಕೆ ತಾಗಬಾರದು. ಅಂಥ ಸೆಟ್ಟು ಮೇಜಿಗೆ ಬಂದರೆ ನಮ್ಮ ಉಸ್ತಾದರು ಮೊದಲು ಟೆಸ್ಟರ್ ಹಿಡಿದು ಚಾಸಿ ಮುಟ್ಟುತ್ತಿದ್ದರು, ಬೇರೆಲ್ಲ ಆಮೇಲೆ.

ದೊಡ್ಡ ವಾಲ್ವ್ ಆಂಪ್ಲಿಫೈಯರ್‌ಗಳದ್ದು ಇನ್ನೊಂದು ಕಟ್ಟಳೆ. ಸ್ಪೀಕರ್ ಜೋಡಿಸದೆ ಅವಕ್ಕೆ ಸ್ವಿಚ್ ಹಾಕಿ ದನಿ ಏರಿಸಬಾರದು. ಭಾರ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಮಿತಿಮೀರಿ ಏರಿ, ಸುತ್ತುಗಳ ನಡುವೆ ಕಿಡಿ ಹಾರಿ, ಸುಟ್ಟೇ ಹೋಗುತ್ತದೆ. ಮದುವೆಗೆ, ಜಾತ್ರೆಗೆ ಮೈಕ್ ಸೆಟ್ ಕಟ್ಟುವ ಹುಡುಗರಿಗೆ ಇದು ಮೊದಲ ಪಾಠ: 'ಹಾರ್ನ್ ಕೊಟ್ಟಿದ್ದೀಯೇನೋ? ನೋಡ್ಕೊಂಡು ಆಮೇಲೆ ಸ್ವಿಚ್ ಹಾಕು.'

ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್ ತಯಾರಿಸಲು ತೊಡಗಿತು. ಮರುವರ್ಷವೇ ಟ್ರಾನ್ಸಿಸ್ಟರ್ ಕಾಲದ ಜರ್ಮೇನಿಯಂ ಬಿಡಿಭಾಗಗಳೂ ಅಲ್ಲೇ ತಯಾರಾಗತೊಡಗಿದವು. ಒಂದೇ ಊರಿನ ಒಂದೇ ಕಾರ್ಖಾನೆಯಲ್ಲಿ ಹಳೆಯ ಕಾಲವೂ ಹೊಸ ಕಾಲವೂ ಅಕ್ಕಪಕ್ಕ ಕೂತಿದ್ದವು. ನಮ್ಮ ಊರಿನ ಈ ಸಂಗತಿಯನ್ನು ನಮ್ಮವರೇ ಮರೆತಿದ್ದಾರೆ ಎಂಬ ನೋವು ನನಗಿದೆ.

ಟ್ರಾನ್ಸಿಸ್ಟರ್ ಬಂದ ಮೇಲೆ ಕಾಯುವುದು ತಪ್ಪಿತು. ಗುಂಡಿ ಒತ್ತಿದ ತಕ್ಷಣ ಹಾಡು. ಜೊತೆಗೆ ಹೊಸದೊಂದು ಸದ್ದೂ ಬಂತು, ಸ್ಪೀಕರಿನಲ್ಲಿ 'ದಬ್' ಎಂಬ ಏಟು. ಕಾರಣ ಇದು. ಒಂದೇ ಸಪ್ಲೈ ಇದ್ದ ಆಂಪ್ಲಿಫೈಯರಿನಲ್ಲಿ ಟ್ರಾನ್ಸಿಸ್ಟರ್‌ಗೂ ಸ್ಪೀಕರ್‌ಗೂ ನಡುವೆ 1000 ಅಥವಾ 2200 ಮೈಕ್ರೋಫ್ಯಾರಡ್‌ನ ಕಂಡೆನ್ಸರ್ ಇರುತ್ತದೆ. ಸಪ್ಲೈ 30 ವೋಲ್ಟ್ ಆದರೆ ಸ್ವಿಚ್ ಹಾಕಿದಾಗ ಅದು ಸೊನ್ನೆಯಿಂದ 15 ವೋಲ್ಟಿಗೆ ತುಂಬಿಕೊಳ್ಳಬೇಕು, ತುಂಬುವ ಕರೆಂಟೆಲ್ಲ ಸ್ಪೀಕರಿನ ಕಾಯಿಲ್ ಮೂಲಕವೇ ಹಾದುಹೋಗಬೇಕು. ಕೋನ್ ಒಮ್ಮೆಲೇ ಮುಂದಕ್ಕೆ ನೆಗೆಯುತ್ತದೆ. ಒಂದು ಸಲಕ್ಕೆ ಏನೂ ಆಗದು, ನಿಜ. ದಿನವೂ ದೊಡ್ಡ ಏಟು ತಿಂದರೆ ಸಣ್ಣ ಸ್ಪೀಕರ್ ಉಳಿಯದು.

ಆಮೇಲಿನ ದೊಡ್ಡ ಸೆಟ್ಟುಗಳಲ್ಲಿ ಪ್ಲಸ್-ಮೈನಸ್ ಎರಡು ಸಪ್ಲೈ ಕೊಟ್ಟು ಆ ಕಂಡೆನ್ಸರನ್ನೇ ತೆಗೆದರು. ದನಿ ಚೆನ್ನಾಯಿತು, ಅಪಾಯವೂ ಜಾಸ್ತಿಯಾಯಿತು. ಕಂಡೆನ್ಸರ್ ಇದ್ದಾಗ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೂ ಡಿಸಿ ಸ್ಪೀಕರ್ ತನಕ ಬರುತ್ತಿರಲಿಲ್ಲ. ಈಗ ಪೂರ್ತಿ ವೋಲ್ಟೇಜು ಕಾಯಿಲ್ ಮೇಲೆ ಬಿದ್ದು, ಅದು ನೋಡನೋಡುತ್ತ ಕಪ್ಪಾಗುತ್ತದೆ. ಇದಕ್ಕೆ ಮಾಡಿದ ಉಪಾಯ ರಿಲೇ. ಸ್ವಿಚ್ ಹಾಕಿ ಕೆಲವು ಸೆಕೆಂಡ್ ಆದ ಮೇಲೆ, ಒಳಗಿನ ವೋಲ್ಟೇಜುಗಳು ನೆಲೆಗೆ ನಿಂತ ಮೇಲೆ, 'ಟಕ್' ಎಂದು ಸ್ಪೀಕರನ್ನು ಜೋಡಿಸುತ್ತದೆ. ಡಿಸಿ ಕಂಡರೆ ಬಿಡಿಸಿಬಿಡುತ್ತದೆ, ಕರೆಂಟ್ ಹೋದರೂ ಮೊದಲು ಸ್ಪೀಕರನ್ನೇ ಬಿಡಿಸುತ್ತದೆ. ಎನ್‌ಇಸಿ ಕಂಪನಿಯ 1237 ಎಂಬ ಒಂದು ಪುಟ್ಟ ಐಸಿ ಈ ಮೂರೂ ಕೆಲಸ ಮಾಡುತ್ತಿತ್ತು. ಇಷ್ಟು ಕಡಿಮೆ ಬೆಲೆಗೆ ಇಷ್ಟು ಸ್ಪೀಕರ್ ಉಳಿಸಿದ ವಸ್ತು ಇನ್ನೊಂದನ್ನು ನಾನು ಕಂಡಿಲ್ಲ. ಗಿರಾಕಿಗಳು ಮಾತ್ರ ಹೆದರುತ್ತಿದ್ದರು. 'ಅಣ್ಣಾ, ಟಕ್ ಅನ್ನುತ್ತೆ, ಹಾಡು ತಡವಾಗಿ ಬರುತ್ತೆ, ಏನೋ ಲೂಸ್ ಆಗಿದೆ ನೋಡಿ' ಎಂದು ತಂದಿಡುತ್ತಿದ್ದರು. 'ಆ ಟಕ್ ನಿಂತ ದಿನ ತನ್ನಿ ತಾಯಿ' ಎಂದು ಕಳಿಸಬೇಕಾಗುತ್ತಿತ್ತು.

ಕ್ಯಾಸೆಟ್ ಕಾಲದ ಅಸೆಂಬಲ್ ಸೆಟ್ಟುಗಳಲ್ಲಿ ರಿಲೇ ಇರುತ್ತಿರಲಿಲ್ಲ. ನಮ್ಮ ರಸ್ತೆಯಲ್ಲಿ ತೂಕಕ್ಕೆ ಹಾಕಿದ ಹಾಗೆ ಮಾರಾಟವಾದ, 4440 ಎಂಬ ಐಸಿಯ ಆಂಪ್ಲಿಫೈಯರ್ ಬೋರ್ಡಿನಲ್ಲಿ, ಸ್ಯಾನ್ಯೋದವರು ಐಸಿಯ ಒಳಗೇ ಏಟು ತಗ್ಗಿಸುವ ಏರ್ಪಾಟು ಇಟ್ಟಿದ್ದರು. ಆದರೂ ಟೇಪಿನಿಂದ ಬರುವ ಏಟನ್ನು ಅದು ತಡೆಯಲಾರದು. ಟೇಪು, ಟ್ಯೂನರ್, ಮಿಕ್ಸರ್ ಯಾವುದೇ ಆಗಲಿ, ಸ್ವಿಚ್ ಹಾಕಿದಾಗ, ತೆಗೆದಾಗ ಒಂದು ಸಣ್ಣ ಟಪ್ ಹೊರಡುತ್ತದೆ. ಆಂಪ್ಲಿಫೈಯರ್ ಮೊದಲೇ ಎದ್ದಿದ್ದರೆ ಅದನ್ನು ಹತ್ತಾರು ಪಟ್ಟು ಹಿಗ್ಗಿಸಿ ಸ್ಪೀಕರಿಗೆ ಹೊಡೆಯುತ್ತದೆ. ಆಂಪ್ಲಿಫೈಯರ್ ಕೊನೆಗೆ ಏಳಬೇಕು, ಮೊದಲು ಮಲಗಬೇಕು ಎಂಬ ಮಾತು ಬಂದದ್ದು ಇಲ್ಲಿಂದ.

ಇನ್ನೊಂದು ನಿಯಮ ಕಲಿಸಿದ್ದು ನಮ್ಮ ಕರೆಂಟು. ರಾಜ್ಯಕ್ಕೆ ಜಲವಿದ್ಯುತ್ತೇ ಆಧಾರವಾಗಿದ್ದ ವರ್ಷಗಳಲ್ಲಿ ಮಳೆ ಕೈಕೊಟ್ಟರೆ ಲೋಡ್ ಶೆಡ್ಡಿಂಗ್ ಖಾತರಿ. ಹೋದ ಕರೆಂಟು ಬರುವಾಗ ನೆಟ್ಟಗೆ ಬರುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಒಮ್ಮೆ ಬಂದು ಮತ್ತೆ ಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಂಬದಲ್ಲಿ ನ್ಯೂಟ್ರಲ್ ಕಡಿಯುವುದು. ಬೇರೆ ಬೇರೆ ಫೇಸಿನ ಮನೆಗಳು ಆಗ ಒಂದರ ಹಿಂದೆ ಒಂದು ಸೇರಿಕೊಂಡು, ಕಡಿಮೆ ಉಪಯೋಗ ಇರುವ ಮನೆಗೆ 230ರ ಬದಲು 400ರ ಹತ್ತಿರದ ವೋಲ್ಟೇಜ್ ಬರಬಹುದು. ಮಾರನೆಯ ಬೆಳಿಗ್ಗೆ ಒಂದೇ ಬೀದಿಯಿಂದ ಸುಟ್ಟ ಟ್ರಾನ್ಸ್‌ಫಾರ್ಮರ್‌ಗಳ ಸಾಲೇ ನಮ್ಮ ಅಂಗಡಿಗೆ ಬರುತ್ತಿತ್ತು. ಕರೆಂಟ್ ಹೋದ ಕೂಡಲೇ ಗೋಡೆಯ ಸ್ವಿಚ್ ತೆಗೆಯಬೇಕು, ಬಂದ ಮೇಲೆ ದೀಪ ಒಂದೇ ಸಮ ಉರಿಯುವ ತನಕ ಕಾಯಬೇಕು. ಈ ಮಾತು ಇಂದಿಗೂ ಹಳೆಯದಾಗಿಲ್ಲ.

ಈಗಿನ ಹಗುರ ಆಂಪ್ಲಿಫೈಯರ್‌ಗಳಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರಿಲ್ಲ, ಎಸ್‌ಎಂಪಿಎಸ್ ಎಂಬ ಸ್ವಿಚಿಂಗ್ ಸಪ್ಲೈ ಇದೆ. ಅನೇಕ ಎಸ್‌ಎಂಪಿಎಸ್‌ಗಳಲ್ಲಿ ಮೊದಲ ಕ್ಷಣದ ಕರೆಂಟನ್ನು ತಡೆಯುವುದು ಒಂದು ಥರ್ಮಿಸ್ಟರ್. ತಣ್ಣಗಿದ್ದರೆ ತಡೆಯುತ್ತದೆ, ಬಿಸಿಯಾದರೆ ಬಿಟ್ಟುಬಿಡುತ್ತದೆ. ಆದ್ದರಿಂದ ಆಫ್ ಮಾಡಿದ ತಕ್ಷಣ ಮತ್ತೆ ಆನ್ ಮಾಡಬೇಡಿ, ಒಂದು ನಿಮಿಷ ಬಿಡಿ. ಬಿಸಿಯಾಗಲಿ ಎಂದು ಕಾಯುವ ವಾಲ್ವ್ ಕಾಲದ ಅಭ್ಯಾಸ ಮಾತ್ರ ಇವಕ್ಕೆ ಬೇಕಿಲ್ಲ.

ಕೊನೆಗೆ ಒಂದು ವಿನಂತಿ. ಅಟ್ಟದ ಮೇಲಿನ ತಾತನ ರೇಡಿಯೋವನ್ನು ಕೆಳಗಿಳಿಸಿ, ಒರೆಸಿ, ಆಸೆಯಿಂದ ನೇರ ಪ್ಲಗ್ಗಿಗೆ ಚುಚ್ಚುವವರು ಹೆಚ್ಚಾಗಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಶಕಗಳಿಂದ ಕರೆಂಟು ಕಾಣದ ಕಂಡೆನ್ಸರ್‌ಗಳು ಹಾಳಾಗಿ ಶಾರ್ಟ್ ಆಗಿರಬಹುದು. ಹಾಗಿದ್ದರೆ ಹಿಂದೆಯೇ ಮೇನ್ಸ್ ಟ್ರಾನ್ಸ್‌ಫಾರ್ಮರ್ ಸುಡಬಹುದು, ಅದೇ ಅಳತೆಯದು ಮತ್ತೆ ಸಿಗುವುದು ಕಷ್ಟ. ನಮ್ಮ ಕಸುಬಿನಲ್ಲಿ ಸೀರೀಸ್ ಬಲ್ಬ್ ಎಂಬುದಿದೆ. ಮೇನ್ಸಿಗೂ ಸೆಟ್ಟಿಗೂ ನಡುವೆ 60 ಅಥವಾ 100 ವ್ಯಾಟಿನ ಹಳೆಯ ತಂತಿ ಬಲ್ಬ್ ಹಾಕುವುದು. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಮುಂದುವರಿಯಬಹುದು. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ತೆಗೆಯಬೇಕು. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಸೀರೀಸ್ ಬೋರ್ಡ್ ಇಟ್ಟುಕೊಂಡಿರುವ ಹಳೆಯ ಮೆಕ್ಯಾನಿಕ್ ಹತ್ತಿರವೇ ಸೆಟ್ಟನ್ನು ಒಯ್ಯಿರಿ. ಅಂಥವರು ಎಸ್.ಪಿ. ರಸ್ತೆಯಲ್ಲಿ ಇನ್ನೂ ಇದ್ದಾರೆ.