ನಕಲು ಸಿ.ಡಿ.ಯಿಂದ ಮುಕ್ತ ತಂತ್ರಾಂಶದೆಡೆಗೆ



ನಿಮ್ಮ ಮನೆಯ ಕಂಪ್ಯೂಟರಿನಲ್ಲಿರುವ ಆಪರೇಟಿಂಗ್ ಸಿಸ್ಟಮ್ ಎಲ್ಲಿಂದ ಬಂತೆಂದು ಎಂದಾದರೂ ವಿಚಾರಿಸಿದ್ದೀರಾ? ‘ಅಂಗಡಿಯವರು ಹಾಗೆಯೇ ಹಾಕಿಕೊಟ್ಟರು’ ಎಂಬುದು ಅನೇಕರ ಉತ್ತರ. ಹಣ ಕೊಡದೆ ಒಂದು ಪೆನ್ನನ್ನೂ ಅಂಗಡಿಯಿಂದ ತರಲು ಹಿಂಜರಿಯುವ ನಾವು, ಸಾವಿರಾರು ರೂಪಾಯಿ ಬೆಲೆಯ ತಂತ್ರಾಂಶವನ್ನು ನಕಲು ಮಾಡುವಾಗ ಅದು ಇನ್ನೊಬ್ಬರ ಹಕ್ಕು ಎಂಬುದನ್ನು ಮರೆಯುತ್ತೇವೆ. ಹಾಗಾದರೆ ಕೊಳ್ಳಲು ಶಕ್ತಿಯಿಲ್ಲದ ವಿದ್ಯಾರ್ಥಿ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಇತಿಹಾಸದಲ್ಲೇ ಇದೆ.

ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ತಂತ್ರಜ್ಞರಿದ್ದರು. ಅಲ್ಲಿನ ಪ್ರಿಂಟರಿನಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸರಿಪಡಿಸೋಣವೆಂದರೆ ಅದರ ತಂತ್ರಾಂಶದ ಮೂಲ ಬರಹವನ್ನು ಅವರಿಗೆ ಕೊಡಲಿಲ್ಲ. ಜ್ಞಾನವನ್ನು ಬಚ್ಚಿಡುವುದು ತಪ್ಪೆಂದು ಬಗೆದ ಅವರು 1983ರಲ್ಲಿ ‘ಗ್ನೂ’ ಯೋಜನೆಯನ್ನು ಘೋಷಿಸಿದರು. ಯಾರು ಬೇಕಾದರೂ ಬಳಸಬಹುದು, ಕಲಿಯಬಹುದು, ತಿದ್ದಬಹುದು, ಹಂಚಬಹುದು ಎಂಬುದು ಅದರ ನಿಯಮ. 1989ರಲ್ಲಿ ಈ ನಿಯಮಕ್ಕೆ ಜಿ.ಪಿ.ಎಲ್. ಎಂಬ ಪರವಾನಗಿಯ ರೂಪ ದೊರೆಯಿತು.

1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ, 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳನ್ನು ಬರೆದರು. ಅದೇ ‘ಲಿನಕ್ಸ್’. ಮರುವರ್ಷ ಅದೂ ಜಿ.ಪಿ.ಎಲ್. ಅಡಿಯಲ್ಲಿ ಬಂತು. ಗ್ನೂ ಮತ್ತು ಲಿನಕ್ಸ್ ಎರಡನ್ನೂ ಕೂಡಿಸಿ ಬಳಕೆಗೆ ಸಿದ್ಧಪಡಿಸಿದ ಕಟ್ಟುಗಳಲ್ಲಿ 1993ರ ಡೆಬಿಯನ್, 2004ರ ಉಬುಂಟು, 2006ರ ಲಿನಕ್ಸ್ ಮಿಂಟ್ ಹೆಸರುವಾಸಿಯಾದವು. ಉಬುಂಟು ಸಿ.ಡಿ.ಗಳನ್ನು 2011ರವರೆಗೆ ಕೇಳಿದವರ ಮನೆಗೇ ಉಚಿತವಾಗಿ ಅಂಚೆಯಲ್ಲಿ ಕಳುಹಿಸುತ್ತಿದ್ದರು.

ನಮಗೆ ಹತ್ತಿರದ ಒಂದು ಪ್ರಸಂಗವೂ ಇದೆ. ಕೆಲವು ಉತ್ಸಾಹಿಗಳು ಉಬುಂಟುವಿಗೆ ನಮಾಝ್ ಸಮಯ ತಿಳಿಸುವ ಹಾಗೂ ಕುರ್‌ಆನ್ ಅಧ್ಯಯನಕ್ಕೆ ನೆರವಾಗುವ ತಂತ್ರಾಂಶಗಳನ್ನು ಸೇರಿಸಿ ‘ಮುಸ್ಲಿಂ ಎಡಿಷನ್’ ಹೊರತಂದರು. ಬಳಿಕ ಅದಕ್ಕೆ ‘ಸಬೀಲಿ’, ಅಂದರೆ ‘ನನ್ನ ದಾರಿ’, ಎಂದು ಹೆಸರಿಟ್ಟರು. ಆದರೆ ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಹೆಸರು ನಮ್ಮದಾಗಿದ್ದರೆ ಸಾಲದು, ಅದನ್ನು ಮುಂದುವರಿಸುವ ಕೈಗಳೂ ಬೇಕು.

ಅಂಥ ಕೈಗಳನ್ನು ಕಾಣಬೇಕಾದರೆ ನೆರೆಯ ಕೇರಳವನ್ನು ನೋಡಿ. 2001ರಲ್ಲಿ ಆರಂಭವಾದ ‘ಐ.ಟಿ. ಅಟ್ ಸ್ಕೂಲ್’ ಯೋಜನೆ ಮುಂದೆ ಮುಕ್ತ ತಂತ್ರಾಂಶವನ್ನೇ ಆರಿಸಿಕೊಂಡಿತು. ಶಾಲೆಗಳಿಗೆ ತಂತ್ರಾಂಶ ಹಂಚಿದ್ದಷ್ಟೇ ಅಲ್ಲ, ಶಿಕ್ಷಕರಿಗೆ ತರಬೇತಿಯನ್ನೂ ನೀಡಿತು. ಅದು ಉಳಿದು ಬೆಳೆಯಿತು; 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯೂ ಆಯಿತು.

ಈಗ ನಿಮ್ಮ ಆಯ್ಕೆಗೆ ಬನ್ನಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 14 ಅಕ್ಟೋಬರ್ 2025ರಂದು ಮುಗಿಯಿತು. ಹಾಗೆಂದು ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಕಾಗಿಲ್ಲ. ವಿಂಡೋಸ್ ರೂಢಿಯಿದ್ದವರಿಗೆ ಮಿಂಟ್ ಸುಲಭ. ಉಬುಂಟುವಾದರೆ ಐದು ವರ್ಷ ಬೆಂಬಲವಿರುವ ಎಲ್.ಟಿ.ಎಸ್. ಆವೃತ್ತಿಯನ್ನೇ ಆರಿಸಿ. ಯಂತ್ರದ ಶಕ್ತಿ ಕಡಿಮೆಯಿದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ ಪರದೆಯಿರುವುದನ್ನು ತೆಗೆದುಕೊಳ್ಳಿ. ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ. ಹಾಕುವ ಮುನ್ನ ನಿಮ್ಮ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ.

ತೊಡಕುಗಳಿಲ್ಲವೆಂದಲ್ಲ. ನುಡಿ, ಬರಹಗಳ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕಾಗುತ್ತದೆ. ಕಾಲೇಜಿನಲ್ಲಿ ಹೇಳಿದ ಕೆಲವು ತಂತ್ರಾಂಶಗಳು ಲಿನಕ್ಸ್‌ನಲ್ಲಿ ಸಿಗದೆಯೂ ಇರಬಹುದು. ಅಂಥವರು ವಿಂಡೋಸನ್ನು ಹಣ ಕೊಟ್ಟೇ ಕೊಳ್ಳಲಿ. ಅದೂ ಪ್ರಾಮಾಣಿಕ ದಾರಿಯೇ.

ಮಿತ್ರರೇ, ಬಡತನ ನಕಲಿಗೆ ನೆಪವಾಗಬಾರದು. ನೀವೊಬ್ಬರು ಕಲಿತು ಇನ್ನಿಬ್ಬರ ಕಂಪ್ಯೂಟರಿಗೆ ಹಾಕಿಕೊಡಿ, ಅವರಿಗೂ ಕಲಿಸಿ. ಹಂಚಿದರೆ ಹೆಚ್ಚುವ ಸಂಪತ್ತು ಇಲ್ಮ್ ಒಂದೇ ಅಲ್ಲವೇ?