ಬಿಟ್ಟ ನಂತರದ ದಿನಗಳು: ವ್ಯಸನ ಪುನರ್ವಸತಿ ಕಾರ್ಯಕರ್ತರ ತರಬೇತಿ

ಮದ್ಯ ಅಥವಾ ಮಾದಕದ್ರವ್ಯಗಳ ಅವಲಂಬನೆಗೆ ಒಳಗಾದವರ ಚಿಕಿತ್ಸೆಯಲ್ಲಿ ವೈದ್ಯರ ಪಾಲು, ಕಾಲದ ಲೆಕ್ಕದಲ್ಲಿ, ಬಹಳ ಸಣ್ಣದು. ನಾವು ರೋಗಿಯನ್ನು ಕಾಣುವುದು ವಾರಕ್ಕೊಮ್ಮೆ ಹತ್ತು-ಹದಿನೈದು ನಿಮಿಷ. ಉಳಿದ ವೇಳೆಯೆಲ್ಲ ಅವರೊಡನೆ ಇರುವವರು ಪುನರ್ವಸತಿ ಕೇಂದ್ರದ ಆಪ್ತಸಲಹೆಗಾರರು, ಸಮಾಜಕಾರ್ಯಕರ್ತರು, ರಾತ್ರಿಪಾಳಿಯ ಸಹಾಯಕರು ಮತ್ತು ತಾವೇ ವ್ಯಸನದಿಂದ ಹೊರಬಂದು ಇತರರಿಗೆ ನೆರವಾಗುತ್ತಿರುವವರು. ಅಮೆರಿಕದಲ್ಲಿ ಇಂಥ ಕಾರ್ಯಕರ್ತರಿಗೆ ಕೆಲವು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ತರಬೇತಿಯ ಬಹುಪಾಲು ಸಮಯ ‘ಬಿಡಿಸುವುದು ಹೇಗೆ’ ಎಂಬುದಕ್ಕೆ ಸಲ್ಲುತ್ತದೆ. ಆದರೆ ಕಾರ್ಯಕರ್ತರು ಎಚ್ಚರದಿಂದಿದ್ದರೆ ತಡೆಯಬಹುದಾದ ಸಾವುಗಳು ಹೊಂಚು ಹಾಕಿರುವುದು ಬಿಟ್ಟ ನಂತರದ ದಿನಗಳಲ್ಲಿ. ತರಬೇತಿಯ ಭಾರ ಅಲ್ಲಿ ಬೀಳಬೇಕೆಂಬುದು ನನ್ನ ವಾದ.

ಮೊದಲು ರೋಗನಿರ್ಣಯದ ಮಾತು. ‘ಚಟ’ ಎಂಬ ನಮ್ಮ ಪದದಲ್ಲಿ ನೀತಿಯ ತೀರ್ಪು ಅಡಗಿದೆ. ವೈದ್ಯಶಾಸ್ತ್ರ ಅವಲಂಬನೆಯನ್ನು ಲಕ್ಷಣಗಳ ಸಮೂಹವಾಗಿ ಕಾಣುತ್ತದೆ. 1976ರಲ್ಲಿ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಮಿಲ್ಟನ್ ಗ್ರಾಸ್ ಮದ್ಯಾವಲಂಬನೆಯನ್ನು ಹೀಗೆ ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಆವೃತ್ತಿ ಅದೇ ದಾರಿಯಲ್ಲಿ ಆರು ಲಕ್ಷಣಗಳನ್ನು ಹೇಳುತ್ತದೆ: ತಡೆಯಲಾರದ ಸೆಳೆತ, ಪ್ರಮಾಣದ ಮೇಲೆ ಹಿಡಿತ ತಪ್ಪುವುದು, ಬಿಟ್ಟಾಗ ದೇಹ ತೊಂದರೆ ಕೊಡುವುದು, ಅದೇ ಪರಿಣಾಮಕ್ಕೆ ಹೆಚ್ಚು ಹೆಚ್ಚು ಬೇಕಾಗುವುದು, ಬೇರೆ ಆಸಕ್ತಿಗಳು ಹಿಂದೆ ಸರಿಯುವುದು, ಹಾನಿ ತಿಳಿದೂ ಮುಂದುವರಿಸುವುದು. ಒಂದು ವರ್ಷದ ಅವಧಿಯಲ್ಲಿ ಇವುಗಳಲ್ಲಿ ಮೂರು ಒಟ್ಟಿಗೆ ಕಂಡುಬಂದರೆ ಅವಲಂಬನೆ ಎನ್ನಬಹುದು.

ಕಾರ್ಯಕರ್ತರಿಗೆ ಪ್ರಶ್ನಾವಳಿಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ‘ಅಸಿಸ್ಟ್’ನಲ್ಲಿ ಎಂಟೇ ಪ್ರಶ್ನೆಗಳು. ಒಂದೊಂದು ದ್ರವ್ಯಕ್ಕೂ ಬೇರೆ ಬೇರೆ ಅಂಕ ಬರುತ್ತದೆ. 27 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ ಅಪಾಯವೆಂದು ಅರ್ಥ. ಪ್ರಶ್ನಾವಳಿ ಸುಲಭ, ಉತ್ತರ ಪಡೆಯುವುದು ಕಷ್ಟ. ನಮ್ಮ ಊರಿನ ಹಿರಿಯರೊಬ್ಬರನ್ನು ‘ನೀವು ಕುಡಿಯುತ್ತೀರಾ?’ ಎಂದು ಕೇಳಿದರೆ ‘ಇಲ್ಲಪ್ಪ, ಯಾವಾಗಲೋ ಒಮ್ಮೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಬೆಳಿಗ್ಗೆ ಎದ್ದಾಗ ಕೈ ನಡುಗುವುದುಂಟೇ? ಅದು ನಿಲ್ಲಲು ಏನು ಮಾಡುತ್ತೀರಿ?’ ಎಂದರೆ ಮಾತು ತೆರೆದುಕೊಳ್ಳುತ್ತದೆ. ಅಳತೆಯೂ ತಿಳಿದಿರಬೇಕು. ‘ಒಂದು ಕ್ವಾರ್ಟರ್’ ಎಂದರೆ 180 ಮಿಲಿಲೀಟರ್. ಶೇಕಡಾ 42.8ರ ಭಾರತೀಯ ವಿಸ್ಕಿಯಾದರೆ ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಅಮೆರಿಕದ ಲೆಕ್ಕದಲ್ಲಿ ಒಂದು ‘ಡ್ರಿಂಕ್’ ಎಂದರೆ 14 ಗ್ರಾಂ. ಹಾಗಾಗಿ ‘ದಿನಕ್ಕೆ ಒಂದೇ’ ಎಂದವರು ನಾಲ್ಕಕ್ಕೂ ಹೆಚ್ಚು ಕುಡಿಯುತ್ತಿರುತ್ತಾರೆ. ಇಲ್ಲಿನ ಸಲಹೆಗಾರರಿಗೆ ಈ ಲೆಕ್ಕ ಹೇಳಿದಾಗ ಅವರು ಬೆರಗಾಗುವುದನ್ನು ಕಂಡಿದ್ದೇನೆ.

ಈಗ ಮುಖ್ಯ ವಿಷಯ. ದಿನವೂ ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ನಿದ್ರಾಹೀನತೆ ತೊಡಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ದಿಕ್ಕುತಪ್ಪಿದ ಮಾತು, ಇಲ್ಲದ್ದನ್ನು ಕಾಣುವುದು, ಜ್ವರ, ಏರಿದ ರಕ್ತದೊತ್ತಡ. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣ ತೆಗೆಯಬಲ್ಲುದು. ನಿದ್ರೆಮಾತ್ರೆಗಳಲ್ಲಿ ಬೆನ್ಜೊಡಯಾಜೆಪೀನ್ ವರ್ಗದವನ್ನು ದೀರ್ಘಕಾಲ ನುಂಗಿದವರಿಗೂ ಇದೇ ಅಪಾಯವುಂಟು. ಹೀಗಾಗಿ ‘ಮನಸ್ಸು ಗಟ್ಟಿ ಮಾಡಿ ಇವತ್ತೇ ಬಿಡಿ’ ಎಂಬ ಸದುದ್ದೇಶದ ಉಪದೇಶ ಎಲ್ಲರಿಗೂ ಕ್ಷೇಮಕರವಲ್ಲ. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಸನ್ನಿಯಾಗಿತ್ತೇ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಯಾರನ್ನೂ ದಾಖಲು ಮಾಡಿಕೊಳ್ಳಬಾರದು. ನಡುಕ, ಬೆವರು, ಗೊಂದಲ ಮೊದಲಾದ ಹತ್ತು ಅಂಶಗಳನ್ನು ಅಳೆಯುವ ‘ಸಿವಾ’ ಎಂಬ ಮಾಪನವಿದೆ; ಅದನ್ನು ಕಲಿತ ಕಾರ್ಯಕರ್ತರು ನಡುರಾತ್ರಿಯಲ್ಲಿ ವೈದ್ಯರನ್ನು ಎಬ್ಬಿಸಬೇಕೇ ಬೇಡವೇ ಎಂದು ಅಳುಕುವುದಿಲ್ಲ. ಸರಿಯಾಗಿ ಉಣ್ಣದೆ ಕುಡಿದವರಿಗೆ ಗ್ಲೂಕೋಸ್ ಕೊಡುವಾಗ ಥಯಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದನ್ನು ಮರೆಯಬಾರದು. ಅದರ ಕೊರತೆ ಮಿದುಳಿಗೆ ಶಾಶ್ವತ ಹಾನಿ ಮಾಡುತ್ತದೆ. ಚುಚ್ಚುಮದ್ದು ಕೊಡುವುದು ದಾದಿಯರ ಕೆಲಸವಾದರೂ, ಕೊಟ್ಟಾಯಿತೇ ಎಂದು ಯಾರು ಬೇಕಾದರೂ ಕೇಳಬಹುದು.

ಅನಿವಾಸಿ ಕನ್ನಡಿಗರ ಮನೆಗಳಿಗೂ ಇದು ಸಲ್ಲುತ್ತದೆ. ಊರಿನಿಂದ ಮಕ್ಕಳ ಮನೆಗೆ ಬಂದ ತಂದೆ, ಮಗಳು ಅಳಿಯನ ಎದುರು ಸಂಕೋಚಪಟ್ಟು, ಮಾತಿಲ್ಲದೆ ಕುಡಿತ ನಿಲ್ಲಿಸುತ್ತಾರೆ. ಮೂರನೆಯ ದಿನ ಕೈ ನಡುಗಿ, ಮಾತು ತಡವರಿಸಿದಾಗ ಮನೆಯವರು ಪ್ರಯಾಣದ ಆಯಾಸವೆಂದೋ ವಯಸ್ಸಿನ ಮರೆವೆಂದೋ ಸುಮ್ಮನಾಗುತ್ತಾರೆ. ಅವರನ್ನು ಆಗಲೇ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು, ಮತ್ತು ಕುಡಿಯುತ್ತಿದ್ದ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು.

ಹೆರಾಯಿನ್, ಫೆಂಟನಿಲ್ ಮೊದಲಾದ ಅಫೀಮು ವರ್ಗದ ದ್ರವ್ಯಗಳ ಕಥೆ ಬೇರೆ. ಬಿಟ್ಟಾಗಿನ ಸಂಕಟ ಸಹಿಸಲಾರದಷ್ಟಿದ್ದರೂ ಅದರಿಂದಲೇ ಸಾಯುವವರು ವಿರಳ. ಗಂಡಾಂತರವಿರುವುದು ಆ ಬಳಿಕ. ಕೆಲವು ವಾರ ದೂರವಿದ್ದ ದೇಹ ತನ್ನ ಹಳೆಯ ತಾಳಿಕೆಯನ್ನು ಕಳೆದುಕೊಳ್ಳುತ್ತದೆ. ಮನೆಗೆ ಹೋದವನು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. 2003ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದು 137 ಒಳರೋಗಿಗಳನ್ನು ಅನುಸರಿಸಿತು. ನಾಲ್ಕು ತಿಂಗಳೊಳಗೆ ಅತಿಸೇವನೆಯಿಂದ ಮೂವರು ತೀರಿಕೊಂಡರು. ಮೂವರೂ ಕಾರ್ಯಕ್ರಮವನ್ನು ಪೂರ್ಣಗೊಳಿಸಿ ತಾಳಿಕೆ ಕಳೆದುಕೊಂಡಿದ್ದ 37 ಮಂದಿಗೆ ಸೇರಿದವರು. ಸಂಖ್ಯೆ ಚಿಕ್ಕದು. ಆದರೆ ‘ಯಶಸ್ವಿಯಾಗಿ ಮುಗಿಸಿದವರು’ ಎಂದು ಕೇಂದ್ರಗಳು ಎಣಿಸುವುದು ಇವರನ್ನೇ.

ಆದ್ದರಿಂದ ಈ ವರ್ಗದ ಅವಲಂಬನೆಗೆ ಬರಿಯ ಬಿಡಿಸುವಿಕೆ ಸಾಲದು. ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಔಷಧವನ್ನು ದೀರ್ಘಕಾಲ ಮುಂದುವರಿಸಬೇಕು. ಮೆಥಡೋನ್ ಚಿಕಿತ್ಸೆಯನ್ನು ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ 1965ರಲ್ಲೇ ನ್ಯೂಯಾರ್ಕಿನಿಂದ ವರದಿ ಮಾಡಿದ್ದರು. ಆದರೂ ‘ಒಂದು ಚಟ ಹೋಗಿ ಇನ್ನೊಂದು ಬಂತು’ ಎಂಬ ಮಾತನ್ನು ಪ್ರತಿ ತರಗತಿಯಲ್ಲೂ ಕೇಳುತ್ತೇನೆ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಬಗ್ಗೆ ಯಾರೂ ಹಾಗೆನ್ನುವುದಿಲ್ಲ. ಅಮೆರಿಕದಲ್ಲಿ ಬ್ಯುಪ್ರೆನಾರ್ಫಿನ್ ಬರೆಯಲು ವೈದ್ಯರಿಗೆ ಬೇಕಿದ್ದ ವಿಶೇಷ ಅನುಮತಿಯನ್ನು 2022ರ ಡಿಸೆಂಬರಿನಲ್ಲಿ ತೆಗೆದುಹಾಕಿದರು. 2023ರಿಂದ, ನಿಯಂತ್ರಿತ ಔಷಧಗಳನ್ನು ಬರೆಯುವ ವೈದ್ಯರಿಗೆ ಎಂಟು ಗಂಟೆಗಳ ತರಬೇತಿ ಕಡ್ಡಾಯವಾಯಿತು. ಎಂಟು ಗಂಟೆಗಳಲ್ಲಿ ಕಾಯಿದೆಗೆ ತೃಪ್ತಿಯಾಗುತ್ತದೆ, ಅಷ್ಟೇ.

ಏಕೆಂದರೆ ಈ ವಿದ್ಯೆ ಉಪನ್ಯಾಸದಿಂದ ಬರುವುದಿಲ್ಲ. ರೋಗಿಯ ಒಳಗಿನ ಬದಲಾವಣೆಯ ಇಚ್ಛೆಯನ್ನು ಅವರ ಮಾತಿನಲ್ಲೇ ಹೊರತರುವ ಸಂವಾದಕ್ರಮವನ್ನು ವಿಲಿಯಂ ಮಿಲ್ಲರ್ 1983ರಲ್ಲಿ ವಿವರಿಸಿದರು. ಅದನ್ನು ಕಲಿಸುವ ಬಗೆಯನ್ನು ಅವರೇ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು: ಬರಿಯ ಕಾರ್ಯಾಗಾರದ ಲಾಭ ಬಹಳ ದಿನ ನಿಲ್ಲಲಿಲ್ಲ, ಆಮೇಲೆ ಸಂವಾದದ ಧ್ವನಿಮುದ್ರಣ ಕೇಳಿ ತಿದ್ದಿದ್ದು, ಮಾರ್ಗದರ್ಶನ ಕೊಟ್ಟದ್ದು ಕೌಶಲವನ್ನು ಉಳಿಸಿದವು. ಸಂಜೀವ್ ಅರೋರಾ 2003ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಹೆಪಟೈಟಿಸ್-ಸಿ ಚಿಕಿತ್ಸೆಗಾಗಿ ಆರಂಭಿಸಿದ ‘ಎಕೋ’ ಕ್ರಮವೂ ಇದೇ ತತ್ತ್ವದ್ದು: ದೂರದ ಕೇಂದ್ರಗಳವರು ತಮ್ಮ ರೋಗಿಗಳ ಸಮಸ್ಯೆಗಳನ್ನು ಪರದೆಯ ಮೇಲೆ ತಜ್ಞರ ಮುಂದಿಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದನ್ನು ವ್ಯಸನಚಿಕಿತ್ಸೆಗೆ ಅಳವಡಿಸಿ, ವೈದ್ಯರನ್ನೂ ಆಪ್ತಸಲಹೆಗಾರರನ್ನೂ ತರಬೇತುಗೊಳಿಸುತ್ತಿದೆ. ಭಾರತದಲ್ಲಿ ಇದರ ಅಗತ್ಯ ಎಷ್ಟೆಂಬುದಕ್ಕೆ 2019ರ ರಾಷ್ಟ್ರೀಯ ಸಮೀಕ್ಷೆ ಸಾಕ್ಷಿ. ಅದರ ಅಂದಾಜಿನಂತೆ ಮದ್ಯದ ತೊಂದರೆಗೆ ನೆರವು ಬೇಕಾದವರು 5.7 ಕೋಟಿ, ಅಫೀಮು ವರ್ಗದ ದ್ರವ್ಯಗಳ ತೊಂದರೆಗೆ ಸುಮಾರು 77 ಲಕ್ಷ.

ನನ್ನ ತರಗತಿಗಳಲ್ಲಿ ಕೊನೆಯ ಅಭ್ಯಾಸ ಬಿಡುಗಡೆಯ ದಿನದ್ದು. ಕಾರ್ಯಕರ್ತರು ಇಬ್ಬಿಬ್ಬರಾಗಿ ಕುಳಿತು, ಒಬ್ಬರು ರೋಗಿಯಾಗಿ, ಇನ್ನೊಬ್ಬರು ಸಲಹೆಗಾರರಾಗಿ ಮಾತಾಡುತ್ತಾರೆ. ಮುಂದಿನ ಭೇಟಿಯ ದಿನಾಂಕ, ಔಷಧ ಎಷ್ಟು ದಿನಕ್ಕಿದೆ, ಉಸಿರು ನಿಂತರೆ ಮೂಗಿಗೆ ಸಿಂಪಡಿಸುವ ನಲಾಕ್ಸೋನ್ ಮನೆಯಲ್ಲಿ ಯಾರ ಕೈಯಲ್ಲಿರುತ್ತದೆ ಎಂಬುದನ್ನೆಲ್ಲ ಸುಲಭವಾಗಿ ಹೇಳಿಬಿಡುತ್ತಾರೆ. ‘ಮತ್ತೆ ತೆಗೆದುಕೊಂಡರೆ ಹಳೆಯ ಅಳತೆ ನಿಮ್ಮನ್ನು ಕೊಲ್ಲುತ್ತದೆ’ ಎಂಬ ವಾಕ್ಯ ಮಾತ್ರ ನಾಲಿಗೆಗೆ ಬರುವುದಿಲ್ಲ. ಹಾಗೆಂದರೆ ಮತ್ತೆ ತೆಗೆದುಕೊಳ್ಳಲು ಒಪ್ಪಿಗೆ ಕೊಟ್ಟಂತೆ ಎಂಬ ಹಿಂಜರಿಕೆ. ಅದನ್ನು ಮುಖ ನೋಡಿ ಹೇಳುವವರೆಗೂ ಆ ಅಭ್ಯಾಸವನ್ನು ಮತ್ತೆ ಮತ್ತೆ ಮಾಡಿಸುತ್ತೇನೆ.